‘ಪೂರಕವಾಗಿತ್ತು’ ಎಂಬ ಮಾತಿನ ಆಚೆ

ಕನ್ನಡದ ನಾಟಕ ವಿಮರ್ಶೆಗಳನ್ನು ಒಂದಷ್ಟು ವರ್ಷ ಓದಿದವರಿಗೆ ಅವುಗಳ ಕೊನೆಯ ಪ್ಯಾರಾ ಬಾಯಿಪಾಠವಾಗಿರುತ್ತದೆ. ಕೃತಿಯ ಆಶಯ, ನಿರ್ದೇಶಕರ ವ್ಯಾಖ್ಯಾನ, ಮುಖ್ಯ ಪಾತ್ರಗಳ ಅಭಿನಯ ಎಲ್ಲ ಮುಗಿದ ಮೇಲೆ ಒಂದು ಸಾಲು: ಬೆಳಕು ಮತ್ತು ವೇಷಭೂಷಣ ನಾಟಕಕ್ಕೆ ಪೂರಕವಾಗಿದ್ದವು. ಹೇಗೆ ಪೂರಕ, ಪೂರಕವಾಗದಿದ್ದರೆ ಏನಾಗುತ್ತಿತ್ತು ಎಂದು ಆ ಸಾಲು ಹೇಳುವುದಿಲ್ಲ. ರಂಗಭೂಮಿಯ ಕುರಿತು ಸಂಶೋಧನೆ ಮಾಡುತ್ತಿರುವ ನನಗೆ ಅದು ಬರಬರುತ್ತ ಒಂದು ಪ್ರಶ್ನೆಯಾಗಿದೆ. ನಾವು ವೇಷವನ್ನು ನೋಡುತ್ತಲೇ ಇಲ್ಲವೋ, ಅಥವಾ ನೋಡಿದ್ದನ್ನು ಹೇಳಲು ನಮ್ಮ ವಿಮರ್ಶೆಯಲ್ಲಿ ಮಾತಿಲ್ಲವೋ?

ಈ ಪ್ರಶ್ನೆಯ ಜೊತೆ ನನಗೆ ನೆನಪಾಗುವವರು ಮಾರ್ತಾ ಆಷ್ಟನ್. ಅಮೆರಿಕದಿಂದ ಬಂದು, ಉಡುಪಿಯಲ್ಲಿದ್ದು, ಮದ್ದಳೆಯ ಹಿರಿಯಡಕ ಗೋಪಾಲರಾಯರ ಬಳಿ ಬಡಗುತಿಟ್ಟು ಕಲಿತವರು. ಬ್ರೂಸ್ ಕ್ರಿಸ್ಟಿ ಅವರೊಂದಿಗೆ ಇಂಗ್ಲಿಷಿನಲ್ಲಿ ಬರೆದ ಅವರ ಯಕ್ಷಗಾನದ ಪುಸ್ತಕ 1977ರಲ್ಲಿ ಬಂತು. ಅದಕ್ಕೆ 20 ವರ್ಷ ಮೊದಲೇ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಬಂದಿತ್ತು. 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಅದಕ್ಕೆ ಸಂದಿತ್ತು. ಇಬ್ಬರೂ ವೇಷದ ಬಗ್ಗೆ ಬರೆದವರೇ. ಆದರೆ ಕಾರಂತರು ಆಟದ ಒಳಗಿನವರು. ಯಾವುದು ಚೆಂದ, ಯಾವುದು ಕೆಟ್ಟಿತು ಎಂದು ತೀರ್ಮಾನ ಹೇಳುವ ಅಧಿಕಾರ ಅವರ ಬರಹಕ್ಕಿದೆ. ಪರದೇಶದಿಂದ ಬಂದ ವಿದ್ಯಾರ್ಥಿಗೆ ಆ ಸೌಲಭ್ಯವಿಲ್ಲ. ತೀರ್ಮಾನಕ್ಕೆ ಮೊದಲು ಆಕೆ ಬಟ್ಟೆಯ ಯಾವ ತುದಿಯನ್ನು ಯಾವ ಕೈಯಲ್ಲಿ ಹಿಡಿಯಬೇಕೆಂದು ಕೇಳಬೇಕು. ನಮಗೆ ‘ಇದ್ದದ್ದೇ’ ಅನ್ನಿಸುವುದೆಲ್ಲ ಆಕೆಗೆ ದಿನದ ಪಾಠ.

ಆ ಪಾಠ ನಡೆಯುವ ಜಾಗ ರಂಗಸ್ಥಳವಲ್ಲ, ಚೌಕಿ. ಬಡಗಿನ ಮುಂಡಾಸನ್ನೇ ತೆಗೆದುಕೊಳ್ಳಿ. ಕಿರೀಟವಾದರೆ ಪೆಟ್ಟಿಗೆಯಿಂದ ತೆಗೆದು ತಲೆಗೆ ಇಡುವಂಥದ್ದು. ಮುಂಡಾಸು ಹಾಗಲ್ಲ. ಅದನ್ನು ಆಟದ ದಿನ ತಲೆಯ ಮೇಲೆಯೇ ಬಟ್ಟೆ ಸುತ್ತಿ ಸುತ್ತಿ ಕಟ್ಟಬೇಕು, ಜರಿಪಟ್ಟಿ ಎಳೆಯಬೇಕು, ತಾವರೆಯ ಎಸಳಿನ ಆಕಾರ ಬರಿಸಬೇಕು. ಬೆಳಗಾದರೆ ಬಿಚ್ಚಬೇಕು. ಅಂದರೆ ಮೇಳದ ಪೆಟ್ಟಿಗೆಯಲ್ಲಿ ಮುಂಡಾಸು ಎಂಬ ವಸ್ತು ಇಲ್ಲ. ಅಲ್ಲಿರುವುದು ಬಟ್ಟೆ, ಪಟ್ಟಿ, ದಾರ ಮಾತ್ರ. ಮುಂಡಾಸು ಇರುವುದು ಕಟ್ಟುವವರ ಕೈಯಲ್ಲಿ. ಕಟ್ಟುವ ಕೈ ಇಲ್ಲವಾದರೆ, ಸಾಮಾನೆಲ್ಲ ಉಳಿದೂ ವೇಷ ಉಳಿಯುವುದಿಲ್ಲ.

ಇದು ಕರಾವಳಿಗೆ ಮಾತ್ರ ಸೇರಿದ ಸಂಗತಿಯಲ್ಲ. ಜಪಾನಿನ ‘ನೋ’ ರಂಗಭೂಮಿಯಲ್ಲಿ ನಟನಿಗೆ ಉಡುಗೆ ತೊಡಿಸುವವರು ಬೇರೆ ದರ್ಜಿಗಳಲ್ಲ, ಅದೇ ಪರಂಪರೆಯ ಸಹನಟರು. ಬೇಕಾದ ಕಡೆ ಮಡಿಕೆಗಳನ್ನು ಮೈಮೇಲೆಯೇ ಸೂಜಿದಾರದಿಂದ ಹೊಲಿದು ನಿಲ್ಲಿಸುತ್ತಾರೆ. ಚೀನಾದ ಪೆಕಿಂಗ್ ಒಪೆರಾದವರಲ್ಲಿ ಒಂದು ನಾಣ್ಣುಡಿಯೇ ಇದೆ: ಹರಿದದ್ದನ್ನು ತೊಟ್ಟರೂ ಸರಿ, ತಪ್ಪಾದದ್ದನ್ನು ತೊಡಬೇಡ. ಅಲ್ಲಿ ಉಡುಗೆ ಹೇಳುವುದು ಕಥೆ ನಡೆದ ಕಾಲವನ್ನಲ್ಲ, ಪಾತ್ರದ ಅಂತಸ್ತನ್ನು, ಸಂದರ್ಭವನ್ನು. ಇಂಥ ಕಡೆ ವೇಷ ಕಲಿಯಲು ಹೋದ ವಿದ್ಯಾರ್ಥಿಯ ದಿನಚರಿಯಲ್ಲಿ ವಿನ್ಯಾಸದ ಚಿತ್ರ ಬರೆಯುವುದಕ್ಕಿಂತ ಮಡಚುವುದು, ಒಣಗಿಸುವುದು, ಗಂಟು ಹಾಕುವುದು, ಬಿಚ್ಚುವುದೇ ದೊಡ್ಡ ಭಾಗ. ಕೈಗೆ ಬಂದ ಮೇಲಷ್ಟೇ ಕಣ್ಣಿಗೆ ಕಾಣುವ ವಿದ್ಯೆ ಇದು.

ಈಗ ನಮ್ಮ ಸೀಮೆಗೆ ಬರುತ್ತೇನೆ. ಸಿಂದಗಿ ತಾಲೂಕಿನ ಯಂಕಂಚಿಯ ಕಡೆಯವಳಾದ ನನಗೆ ಬಯಲಾಟವೆಂದರೆ ಯಕ್ಷಗಾನವಲ್ಲ, ದೊಡ್ಡಾಟ ಮತ್ತು ಸಣ್ಣಾಟ. ಚಂದ್ರಶೇಖರ ಕಂಬಾರರ ‘ಉತ್ತರ ಕರ್ನಾಟಕದ ಜನಪದ ರಂಗಭೂಮಿ’ ಓದುವವರಿಗೆ ಈ ಎರಡರ ಭೇದ ಚೆನ್ನಾಗಿ ತಿಳಿಯುತ್ತದೆ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ, ಎದೆಹಾರಗಳ ಅಬ್ಬರ. ಸಣ್ಣಾಟದಲ್ಲಿ ಧೋತರ, ಅಂಗಿ, ಪಟಕ. ಹಾಗಾಗಿ ಸಣ್ಣಾಟಕ್ಕೆ ವೇಷವೇ ಇಲ್ಲ ಎಂದುಕೊಂಡುಬಿಡುತ್ತೇವೆ. ನನ್ನ ಓದು ಬೇರೆ. ‘ಸಂಗ್ಯಾ ಬಾಳ್ಯಾ’ದ ಸಂಗ್ಯಾ ಮುಂದೆ ಕೂತವರ ಧೋತರವನ್ನೇ ಉಟ್ಟು ಬರುತ್ತಾನೆ. ಅವರು ಸುತ್ತಿದಂತೆಯೇ ಪಟಕ ಸುತ್ತಿರುತ್ತಾನೆ. ಗಂಗಿಯ ಮೋಹ, ಗೆಳೆಯನ ದ್ರೋಹ, ಕೊಲೆ ಯಾವುದೂ ದೂರದ ರಾಜ್ಯದ್ದಲ್ಲ, ಪಕ್ಕದ ಓಣಿಯದು ಎಂದು ಹಾಡಿಗಿಂತ ಮೊದಲೇ ಹೇಳುವುದು ಆ ಪಟಕ. ದೊಡ್ಡಾಟದ ರಾಕ್ಷಸ ಸತ್ತರೆ ನೋಡುವವರು ನಿರಾಳವಾಗಿ ಮನೆಗೆ ಹೋಗಬಹುದು. ಸಂಗ್ಯಾ ಸತ್ತರೆ ಹಾಗೆ ಹೋಗಲಾಗುವುದಿಲ್ಲ. ಈ ವ್ಯತ್ಯಾಸವನ್ನು ಮಾಡಿದ್ದು ಬಟ್ಟೆ. ಇದನ್ನು ‘ಪೂರಕ’ ಎನ್ನುವುದು ಹೇಗೆ?

ಇಂದು ನಮ್ಮ ಕಡೆ ಜಾತ್ರೆಗೆ ನಾಟಕ ಆಡಿಸುವುದೆಂದರೆ ತಾಲೀಮಿನ ಜೊತೆಗೆ ಸೀನು, ಲೈಟು, ಮೈಕು, ಡ್ರೆಸ್ಸು ಬಾಡಿಗೆಗೆ ಗೊತ್ತು ಮಾಡುವುದು. ಇದನ್ನು ಬರೀ ಅವನತಿ ಎಂದು ಶೋಕಿಸಲಾರೆ. ಮಗ್ಗುಲಿನವರ ಮನೆಯಿಂದ ಒಳ್ಳೆಯ ಧೋತರ ಕೇಳಿ ತರಲಾಗದ ಹುಡುಗನಿಗೂ ಬಾಡಿಗೆಯ ಪೆಟ್ಟಿಗೆ ರಾಜನ ಪಾತ್ರ ಕೊಟ್ಟಿತು. ಬಟ್ಟೆ ಯಾರ ಮನೆಯದು ಎಂಬ ಮುಲಾಜನ್ನು ಅದು ತೆಗೆಯಿತು. ಆದರೆ ಆ ಪೆಟ್ಟಿಗೆಯಲ್ಲಿ ಪಟಕ ಬರುವುದು ಹೊಲಿದು ಗಟ್ಟಿ ಮಾಡಿದ ಟೊಪ್ಪಿಗೆಯಾಗಿ, ಸನ್ಮಾನದ ವೇದಿಕೆಯಲ್ಲಿ ಅತಿಥಿಗಳ ತಲೆಗೆ ಇಡುವ ಸಿದ್ಧ ಪೇಟದ ಹಾಗೆ. ಹತ್ತಿಯ ಜಾಗಕ್ಕೆ ಹೊಳೆಯುವ ಸ್ಯಾಟಿನ್. ಅದನ್ನು ತೊಟ್ಟ ಸಂಗ್ಯಾ ನೋಡುವವರ ಪೈಕಿಯವನಾಗಿ ಉಳಿಯುವುದಿಲ್ಲ, ಎಲ್ಲಿಯವನೋ ಆಗುತ್ತಾನೆ. ಮಾತು, ಹಾಡು ಒಂದಕ್ಷರ ಬದಲಾಗದೆ ಆಟದ ಅರ್ಥ ಬದಲಾಯಿತು. ಕೃತಿಯನ್ನು ಮಾತ್ರ ಓದುವ ವಿಮರ್ಶೆಗೆ ಈ ಬದಲಾವಣೆ ಗೊತ್ತೇ ಆಗುವುದಿಲ್ಲ.

ನನ್ನ ಆತಂಕ ಇಲ್ಲಿದೆ. ಪಟಕ ಸುತ್ತುವುದನ್ನು ನಮ್ಮೂರ ಹಿರಿಯರು ಯಾರ ಬಳಿಯೂ ಪಾಠವಾಗಿ ಕಲಿತವರಲ್ಲ. ಕನ್ನಡಿ ಇಲ್ಲದೆ, ಕಟ್ಟೆಯ ಮೇಲೆ ಕೂತು ಮಾತಾಡುತ್ತಲೇ ಸುತ್ತಿಕೊಳ್ಳುತ್ತಾರೆ. ಅವರ ಮೊಮ್ಮಕ್ಕಳಿಗೆ ಅದು ಬರುವುದಿಲ್ಲ, ಬೇಕಾಗಿಯೂ ಇಲ್ಲ. ಆಟದ ಹಾಡು ಪುಸ್ತಕದಲ್ಲಿದೆ, ಧಾಟಿ ಧ್ವನಿಮುದ್ರಣದಲ್ಲಿ ಸಿಗಬಹುದು. ಗಂಟು ಹಾಕುವ ಕ್ರಮ ಮಾತ್ರ ಎಲ್ಲೂ ಬರೆದಿಟ್ಟಿಲ್ಲ. ಬರೆಯಬೇಕಾದ ನಾವು ಅದನ್ನು ಸಾಹಿತ್ಯದ ವಿಷಯವೆಂದು ಎಣಿಸಲಿಲ್ಲ.

ಹಾಗೆಂದು ವಿಮರ್ಶಕರೆಲ್ಲ ಸಿಂಪಿಗರಾಗಬೇಕಿಲ್ಲ. ಪರದೇಶದ ವಿದ್ಯಾರ್ಥಿ ಅನಿವಾರ್ಯವಾಗಿ ಕೇಳುವ ನಾಲ್ಕು ಪ್ರಶ್ನೆಗಳನ್ನು ನಾವೂ ಕೇಳಿದರೆ ಸಾಕು. ಇದು ಯಾವ ಬಟ್ಟೆ? ಉಡಲು ಎಷ್ಟು ಹೊತ್ತು, ಎಷ್ಟು ಕೈ ಬೇಕು? ಇದನ್ನು ತೊಟ್ಟ ನಟ ಹೇಗೆ ಕೂರುತ್ತಾನೆ, ಹೇಗೆ ತಿರುಗುತ್ತಾನೆ? ಆಟ ಮುಗಿದ ಮೇಲೆ ಬೆವರಿದ ಬಟ್ಟೆಯನ್ನು ಯಾರು ಒಗೆಯುತ್ತಾರೆ? ಮೂರನೆಯ ಪ್ರಶ್ನೆಯಿಂದ ಅಭಿನಯದ ವಿಮರ್ಶೆ ಶುರುವಾಗುತ್ತದೆ, ನಾಲ್ಕನೆಯದರಿಂದ ರಂಗಭೂಮಿಯ ಜಾತಿ-ಲಿಂಗ-ಕೂಲಿಯ ಚರ್ಚೆ. ಮುಂದಿನ ಸಲ ಆ ಕೊನೆಯ ಸಾಲು ಬರೆಯುವ ಮೊದಲು ಪರದೆಯ ಹಿಂದೆ ಹೋಗಿ, ಪಟಕ ಸುತ್ತಿದವರು ಯಾರು ಎಂದು ವಿಚಾರಿಸೋಣ. ಹೆಸರು ತಿಳಿದರೆ ಅದನ್ನೂ ಬರೆಯೋಣ.