ಮಣ್ಣುದಾರಿಗೆ ಎಷ್ಟು ಸಲಕರಣೆ ಬೇಕು?

ಮಣ್ಣುದಾರಿ, ಕೊರಕಲು ದಾರಿಗಳಿಗಿಳಿಯುವ ಜೀಪು, ಬೈಕುಗಳ ಸಲಕರಣೆ ಚೀಲಕ್ಕೆ ಇರುವ ಕೆಲಸ ಒಂದೇ: ಕೆಟ್ಟು ನಿಂತ ಗಾಡಿಯನ್ನು ಹತ್ತಿರದ ಗ್ಯಾರೇಜಿನ ತನಕ ತಲುಪಿಸುವುದು. ಮೈಸೂರಿನ ನಜರ್‌ಬಾದಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೋ ಮಲೆ ಮಹದೇಶ್ವರ ಬೆಟ್ಟಕ್ಕೋ ಕೊಡಗಿನ ಮಾಂದಲಪಟ್ಟಿಗೋ ಹೊರಟವರಿಗೆ ಚಾಮರಾಜನಗರ, ಕೊಳ್ಳೇಗಾಲ, ಮಡಿಕೇರಿಯಂಥ ಊರು ತೀರಾ ದೂರ ಉಳಿಯುವುದಿಲ್ಲ. ಎಂಜಿನ್ ಬಿಚ್ಚುವ ಸಾಮಾನನ್ನು ಹೊತ್ತೊಯ್ಯುವುದು ಇಲ್ಲಿ ವ್ಯರ್ಥ. ನಜರ್‌ಬಾದಿನಾಚೆಯ ಲಲಿತಮಹಲ್ ಹೆಲಿಪ್ಯಾಡ್ ಮೈದಾನದಲ್ಲಿ ನಡೆಯುವ ಮಣ್ಣಿನ ಸ್ಪರ್ಧೆಗಳನ್ನು ನೋಡಿ ಚೀಲ ತುಂಬುವುದೂ ತಪ್ಪು. ಅಲ್ಲಿ ಮೆಕ್ಯಾನಿಕ್ ಪಕ್ಕದಲ್ಲೇ ಇರುತ್ತಾನೆ.

ಒಳ್ಳೆಯ ಮಾದರಿ ಈ ಊರಿನಲ್ಲೇ ಹುಟ್ಟಿತ್ತು. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳದ್ದು ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಎಂಜಿನ್. ಸ್ಪಾರ್ಕ್ ಪ್ಲಗ್ಗಿಗೆ ಮಸಿ ಕಟ್ಟುವುದೇ ಅದರ ಮಾಮೂಲಿ ಕಾಯಿಲೆ. ಪ್ಲಗ್ ಸ್ಪ್ಯಾನರ್, ಹೆಚ್ಚುವರಿ ಪ್ಲಗ್, ಸ್ಕ್ರೂಡ್ರೈವರ್, ಪಾಯಿಂಟ್ ಉಜ್ಜಲು ಉಪ್ಪುಕಾಗದದ ಚೂರು ಸೀಟಿನ ಕೆಳಗಿನ ಪಕ್ಕದ ಡಬ್ಬಿಯಲ್ಲೇ ಹಿಡಿಯುತ್ತಿದ್ದವು. ಗಾಡಿಯ ಕಾಯಿಲೆ ಅರಿತು ಸಾಮಾನು ಆರಿಸುವ ಈ ಕ್ರಮವೇ ಸರಿ.

ಇಂದು ಹೆಚ್ಚು ಮಾರಾಟವಾಗುವ 46 ತುಂಡುಗಳ ಸಾಕೆಟ್ ಪೆಟ್ಟಿಗೆ ಇದಕ್ಕೆ ತದ್ವಿರುದ್ಧ. ಅದರ ಸಾಕೆಟ್‌ಗಳು ಸಾಮಾನ್ಯವಾಗಿ 4ರಿಂದ 14 ಮಿ.ಮೀ.ಗೆ ಮುಗಿಯುತ್ತವೆ, ಜಿಪ್ಸಿಯ ಚಕ್ರದ ನಟ್ಟಿಗೆ ಬೇಕಾದದ್ದು 19. ನೋಡಲು ತುಂಬಿದ ಪೆಟ್ಟಿಗೆ, ಚಕ್ರ ಬಿಚ್ಚಲು ಮಾತ್ರ ಬರುವುದಿಲ್ಲ. ಜಪಾನಿ ಮೂಲದ ಗಾಡಿಗಳಲ್ಲಿ 10, 12, 14 ಹೆಚ್ಚು ಬಳಕೆಯವು. ಯುರೋಪಿನ ಪದ್ಧತಿ ಹಿಡಿದವುಗಳಲ್ಲಿ 10, 13, 17. ಹಳೆಯ ಮಹೀಂದ್ರ ಜೀಪುಗಳ ಅನೇಕ ಬೋಲ್ಟುಗಳು ಇಂಚಿನ ಲೆಕ್ಕದವು. ಅರ್ಧ ಇಂಚಿನ ತಲೆಗೆ 13 ಮಿ.ಮೀ. ಸಾಕೆಟ್ ಕೂರುತ್ತದೆ ನಿಜ, ಆದರೆ ಬಿಗಿದ ಬೋಲ್ಟಿನ ಮೇಲೆ ಬಲ ಬಿದ್ದರೆ ಮೂಲೆಗಳು ಸವೆದು ಜಾರುತ್ತದೆ. ತನ್ನ ಗಾಡಿಗೆ ಹೊಂದುವ ನಾಲ್ಕೈದು ಗಟ್ಟಿ ಸ್ಪ್ಯಾನರ್ ಸಾಕು.

ಚೀಲದಲ್ಲಿ ಮೊದಲ ಜಾಗ ಸಲ್ಲಬೇಕಾದದ್ದು ಟೈರಿಗೆ. ಕೆಸರು, ಸಡಿಲ ಮಣ್ಣಿನಲ್ಲಿ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿದರೆ ಟೈರು ಹೆಚ್ಚು ನೆಲ ಹಿಡಿಯುತ್ತದೆ. ಅದೇ ಗಾಳಿಯಲ್ಲಿ ಡಾಂಬರು ರಸ್ತೆಯ ಮೇಲೆ ವೇಗವಾಗಿ ಓಡಿಸಿದರೆ ಬಿಸಿಯೇರಿ ಹಾಳಾಗುತ್ತದೆ. ಆದ್ದರಿಂದ ಗಾಳಿಯಳತೆಯ ಗೇಜು, 12 ವೋಲ್ಟಿನ ಪಂಪು ಎರಡೂ ಅಗತ್ಯ. ಟ್ಯೂಬ್‌ಲೆಸ್ ಟೈರಿನ ಪಂಕ್ಚರ್ ಪಟ್ಟಿ ಮೇಲ್ಮೈಯ ತೂತಿಗಷ್ಟೇ ಹೊಂದುತ್ತದೆ; ಪಕ್ಕದ ಗೋಡೆ ಕಲ್ಲಿಗೆ ಸೀಳಿದರೆ ಸ್ಟೆಪ್ನಿಯೇ ಗತಿ. ಆಗ ಜ್ಯಾಕ್ ಬೇಕು, ಜ್ಯಾಕಿನ ಕೆಳಗೆ ದಪ್ಪ ಹಲಗೆಯೂ ಬೇಕು. ಗಾಡಿಯೊಂದಿಗೆ ಬರುವ ಜ್ಯಾಕಿನ ಪಾದ ಅಂಗೈಯಷ್ಟು. ಚಾಮರಾಜನಗರ ಕಡೆಯ ಎರೆಮಣ್ಣು ಮಳೆಯಲ್ಲಿ ನೆನೆದಿದ್ದರೆ ಗಾಡಿ ಮೇಲೇಳುವ ಬದಲು ಜ್ಯಾಕೇ ಕೆಳಗಿಳಿಯುತ್ತದೆ. ಅಂಗಡಿಯ ಯಾವ ಪೆಟ್ಟಿಗೆಯಲ್ಲೂ ಸಿಗದ ಈ ಹಲಗೆ ಹೊಳೆಯುವ ಎಷ್ಟೋ ಸಾಕೆಟ್‌ಗಳಿಗಿಂತ ಬೆಲೆಬಾಳುವಂಥದು.

ಬಂಡೀಪುರದ ಹಾದಿಯ ಲೆಕ್ಕ ಬೇರೆ. ಅಲ್ಲಿ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಹಗಲಲ್ಲೂ ಕಾಡಿನ ನಡುವೆ ಗಾಡಿ ನಿಲ್ಲಿಸುವಂತಿಲ್ಲ. ಆನೆ ಓಡಾಡುವ ಜಾಗದಲ್ಲಿ ಕೆಳಗಿಳಿದು ರಿಪೇರಿಗೆ ಕೂರುವುದಕ್ಕಿಂತ ಹಗ್ಗ ಕಟ್ಟಿ ಎಳೆಸಿಕೊಂಡು ಆಚೆ ಸೇರುವುದು ಮೇಲು. ಗಾಡಿಯ ತೂಕ ತಾಳುವ ಹಗ್ಗ, ಎರಡು ಶ್ಯಾಕಲ್ ಇರಲಿ. ಹಗ್ಗವನ್ನು ಬಂಪರಿಗಾಗಲಿ ಟ್ರೇಲರ್ ಗುಂಡಿಗಾಗಲಿ ಬಿಗಿಯಲೇಬಾರದು. ಕಿತ್ತು ಬಂದ ಕಬ್ಬಿಣ ಜೀವ ತೆಗೆಯಬಲ್ಲದು.

ಫ್ಯೂಸು, ಬೈಂಡಿಂಗ್ ತಂತಿ, ಇನ್ಸುಲೇಶನ್ ಟೇಪು, ಜಂಪರ್ ಕೇಬಲ್, ತಲೆಗೆ ಕಟ್ಟುವ ಟಾರ್ಚು ಸೇರಿದರೆ ಚೀಲ ಮುಗಿಯಿತು. ಹೊರಡುವ ಮುನ್ನ ಮನೆಯ ಮುಂದೆಯೇ, ಈ ಚೀಲದಲ್ಲಿರುವುದನ್ನಷ್ಟೇ ಬಳಸಿ ಒಂದು ಚಕ್ರ ಬಿಚ್ಚಿ ಹಾಕಿ ನೋಡಬೇಕು. ಕೊರತೆ ಕಂಡದ್ದನ್ನು ಅಂದೇ ತಂದು ಸೇರಿಸಬೇಕು.