ಸಮಪಾಲಿನ ಬಿಕ್ಕಟ್ಟು: ‘ಸಂಭೂಯಸಮುತ್ಥಾನ’ ಪ್ರಕರಣದ ವಿಮರ್ಶೆ

ಮುಳಬಾಗಿಲಿಗೆ ಸಮೀಪದ ಕುರುಡುಮಲೆಯಲ್ಲಿ ಸೋಮೇಶ್ವರ ದೇವಾಲಯವೊಂದುಂಟು. ಅದರ ಒಂದು ಭಾಗವು ಜಕಣಾಚಾರಿಯ ಕೆಲಸವೆಂದೂ ಮತ್ತೊಂದು ಭಾಗವು ಅವನ ಮಗ ಡಂಕಣಾಚಾರಿಯದೆಂದೂ ಸ್ಥಳೀಯರು ಹೇಳುವರು. ಇದು ಐತಿಹ್ಯವೇ ಹೊರತು ಚರಿತ್ರೆಯಲ್ಲ. ಆದರೂ ಅದು ಒಂದು ಪ್ರಶ್ನೆಯನ್ನು ಎಬ್ಬಿಸುತ್ತದೆ: ಇಬ್ಬರು ಸಮರ್ಥರು ಕೂಡಿ ಕೈಕೊಂಡ ಕಾರ್ಯದಲ್ಲಿ ಒಮ್ಮತವು ತಪ್ಪಿದರೆ ಆ ಕಾರ್ಯದ ಗತಿಯೇನು?

ನಮ್ಮ ಧರ್ಮಶಾಸ್ತ್ರಕಾರರು 18 ವ್ಯವಹಾರಪದಗಳಲ್ಲಿ ‘ಸಂಭೂಯಸಮುತ್ಥಾನ’ವನ್ನೂ ಎಣಿಸಿದ್ದಾರೆ. ಹಲವರು ಕೂಡಿ ನಡೆಸುವ ಉದ್ಯಮವೆಂದು ಇದರ ಅರ್ಥ. ಯಾಜ್ಞವಲ್ಕ್ಯಸ್ಮೃತಿಯ ಈ ಪ್ರಕರಣಕ್ಕೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದ ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ ವ್ಯಾಖ್ಯಾನವು ಕನ್ನಡ ನಾಡಿನ ಹೆಮ್ಮೆ. ಇಂದಿನ ಕಂಪನಿ ಕಾನೂನಿನ ತತ್ತ್ವಗಳೆಲ್ಲವೂ ಇಲ್ಲಿ ಅಡಗಿವೆಯೆಂಬ ಮಾತು ಆಗಾಗ ಕೇಳಿಬರುವುದುಂಟು. ಈ ಅಭಿಮಾನವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯಾಜ್ಞವಲ್ಕ್ಯನ ವಿಧಿಗಳು ಸ್ಪಷ್ಟವಾಗಿವೆ. ಲಾಭನಷ್ಟಗಳು ಹೂಡಿದ ದ್ರವ್ಯಕ್ಕೆ ಅನುಸಾರವಾಗಿ ಅಥವಾ ಮೊದಲೇ ಮಾಡಿಕೊಂಡ ಸಂವಿದದಂತೆ, ಎಂದರೆ ಒಪ್ಪಂದದಂತೆ, ಸಲ್ಲತಕ್ಕವು. ಉಳಿದವರು ನಿಷೇಧಿಸಿದುದನ್ನು ಮಾಡಿ ಕೆಡಿಸಿದವನು ನಷ್ಟವನ್ನು ತುಂಬಿಕೊಡಬೇಕು. ವಿಪತ್ತಿನಿಂದ ಸರಕನ್ನು ಉಳಿಸಿದವನಿಗೆ ಹತ್ತನೆಯ ಒಂದು ಪಾಲು. ವಂಚಕನನ್ನು ಲಾಭವಿಲ್ಲದೆ ಹೊರಹಾಕಬೇಕು. ಅಶಕ್ತನಾದವನು ತನ್ನ ಕೆಲಸವನ್ನು ಮತ್ತೊಬ್ಬನಿಂದ ಮಾಡಿಸಬಹುದು. ಈ ನಿಯಮವು ಋತ್ವಿಜರಿಗೂ ಕೃಷಿಕರಿಗೂ ಶಿಲ್ಪಿಗಳಿಗೂ ಅನ್ವಯಿಸುವುದು. ಇಲ್ಲಿ ಪರಿಹಾರಕ್ಕೆ ಅರ್ಹವಾದ ಸಂದರ್ಭಗಳೆಲ್ಲವೂ ಒಬ್ಬನ ದೋಷವನ್ನೋ ಅಶಕ್ತಿಯನ್ನೋ ಮರಣವನ್ನೋ ಆಧರಿಸಿವೆಯೆಂಬುದನ್ನು ವಾಚಕರು ಗಮನಿಸಬೇಕು. ಇಬ್ಬರೂ ಪ್ರಾಮಾಣಿಕರಾಗಿ, ಇಬ್ಬರೂ ಸಮರ್ಥರಾಗಿ, ಇಬ್ಬರಿಗೂ ಸಮಪಾಲಿದ್ದು, ಮನಸ್ಸುಗಳು ಮಾತ್ರ ಒಡೆದರೆ ಏನು ಮಾಡಬೇಕೆಂಬುದಕ್ಕೆ ಯಾಜ್ಞವಲ್ಕ್ಯನಲ್ಲಿ ಉತ್ತರವಿಲ್ಲ.

ಬೃಹಸ್ಪತಿಯು ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದಾನೆ. ಸಂದೇಹ ಬಂದಾಗ ಪಾಲುದಾರರೇ ಪರಸ್ಪರ ಪರೀಕ್ಷಕರೂ ಸಾಕ್ಷಿಗಳೂ ಆಗತಕ್ಕವರೆಂದು ಹೇಳಿ, ಅವರಲ್ಲಿ ದ್ವೇಷವಿಲ್ಲದಿದ್ದರೆ ಮಾತ್ರವೆಂದು ಮಿತಿಯನ್ನು ಹಾಕಿದ್ದಾನೆ. ಬಿಕ್ಕಟ್ಟಿನ ಹೊಸ್ತಿಲನ್ನು ಈ ಸ್ಮೃತಿಕಾರನು ಕಂಡಿದ್ದಾನೆ. ಆದರೆ ದ್ವೇಷವಿದ್ದಾಗಿನ ಮಾರ್ಗವನ್ನು ಇಲ್ಲಿ ಹೇಳಿಲ್ಲ. ದೇವಾಲಯವನ್ನೋ ಹರ್ಮ್ಯವನ್ನೋ ಕೂಡಿ ಕಟ್ಟುವವರಲ್ಲಿ ಪ್ರಮುಖನಿಗೆ ಎರಡು ಪಾಲೆಂದು ಅವನು ವಿಧಿಸಿರುವುದೂ ವಿಚಾರಾರ್ಹ. ಪ್ರಮುಖನೊಬ್ಬನಿದ್ದಲ್ಲಿ ತೂಕವು ಸಮವಾಗಿ ನಿಲ್ಲುವ ಪ್ರಸಂಗ ಅಪರೂಪ.

ಈ ಕೊರತೆಯನ್ನು ತುಂಬಿದುದು ದೂರದ ಇಂಗ್ಲೆಂಡಿನ ತಂಬಾಕಿನ ವ್ಯಾಪಾರವೊಂದರ ಮೊಕದ್ದಮೆ. ವೈನ್‌ಬರ್ಗ್ ಮತ್ತು ರಾಥ್‌ಮನ್ ಎಂಬಿಬ್ಬರು 1914ರಲ್ಲಿ ತಮ್ಮ ವ್ಯಾಪಾರಗಳನ್ನು ಕೂಡಿಸಿ ಯೆನಿಡ್ಜೆ ಟೊಬ್ಯಾಕೊ ಕಂಪನಿಯನ್ನು ಸ್ಥಾಪಿಸಿದರು. ಇಬ್ಬರಿಗೂ ಸಮಾನ ಮತ. ಕೆಲಕಾಲದಲ್ಲಿಯೇ ಮಾತು ನಿಂತಿತು. ಒಬ್ಬರಿಗೊಬ್ಬರು ಹೇಳಬೇಕಾದುದನ್ನು ಕಾರ್ಯದರ್ಶಿಯ ಮೂಲಕ ಹೇಳಿಸುವಂತಾಯಿತು. ಕಂಪನಿಗೆ ಮಾತ್ರ ಒಳ್ಳೆಯ ಲಾಭವಿತ್ತು! ಆದರೂ 1916ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಅದನ್ನು ಮುಚ್ಚುವ ಆಜ್ಞೆಯನ್ನು ಎತ್ತಿಹಿಡಿಯಿತು. ರೂಪದಲ್ಲಿ ಕಂಪನಿಯಾದರೂ ತತ್ತ್ವದಲ್ಲಿ ಅದು ಪಾಲುದಾರಿಕೆ. ಪರಸ್ಪರ ವಿಶ್ವಾಸವು ಅಳಿದ ಮೇಲೆ ಅದಕ್ಕೆ ಆಧಾರವಿಲ್ಲವೆಂಬುದು ತೀರ್ಪಿನ ತಿರುಳು. ದೋಷವು ಯಾರದೆಂಬ ಪ್ರಶ್ನೆಯು ಇಲ್ಲಿ ಹಿಂದೆ ಸರಿಯಿತು. ಇದೇ ಇದರ ಹೊಸತನ.

ಭಾರತದಲ್ಲಿ ‘ನ್ಯಾಯವೂ ಸಮಂಜಸವೂ’ ಆದ ಕಾರಣಕ್ಕಾಗಿ ಕಂಪನಿಯನ್ನು ಸಮಾಪ್ತಿಗೊಳಿಸುವ ಅಧಿಕಾರವು 1956ರ ಕಂಪನಿ ಅಧಿನಿಯಮದ 433ನೆಯ ಪ್ರಕರಣದಲ್ಲಿತ್ತು. 2013ರ ಅಧಿನಿಯಮದಲ್ಲಿ ಅದು 271ನೆಯದು. ಆದರೆ ನಮ್ಮ ನ್ಯಾಯಪೀಠಗಳು ಎಚ್ಚರಿಕೆಯಿಂದ ನಡೆದಿವೆ. ಹಿಂದ್ ಓವರ್‌ಸೀಸ್ ಮೊಕದ್ದಮೆಯಲ್ಲಿ (1976ರ ವರದಿ) ಸರ್ವೋಚ್ಚ ನ್ಯಾಯಾಲಯವು ಪಾಲುದಾರಿಕೆಯ ತತ್ತ್ವವನ್ನು ಎಲ್ಲ ಕಂಪನಿಗಳಿಗೂ ಹಚ್ಚಲು ಒಪ್ಪಲಿಲ್ಲ. ಅನ್ಯ ಪರಿಹಾರವಿದ್ದೂ ಅದನ್ನು ಬಿಟ್ಟು ಸಮಾಪನವನ್ನೇ ಬೇಡುವುದು ಅಯುಕ್ತವೆನಿಸಿದರೆ ಅದನ್ನು ನಿರಾಕರಿಸಬಹುದೆಂದು 273ನೆಯ ಪ್ರಕರಣವು ಹೇಳುತ್ತದೆ. ದಬ್ಬಾಳಿಕೆ ಅಥವಾ ದುರಾಡಳಿತ ಕಂಡುಬಂದಾಗ ಒಬ್ಬರ ಷೇರುಗಳನ್ನು ಇನ್ನೊಬ್ಬರು ಕೊಳ್ಳುವಂತೆ 242ನೆಯ ಪ್ರಕರಣದಂತೆ ಆಜ್ಞೆಯಾಗಬಹುದು.

ಈ ಎಚ್ಚರಿಕೆಗೆ ಕಾರಣವುಂಟು. ಮುಳಬಾಗಿಲಿನಂಥ ಊರಿನಲ್ಲಿ ಇಬ್ಬರು ಗೆಳೆಯರು ಸಮಪಾಲಿನಲ್ಲಿ ಸಣ್ಣ ಕಂಪನಿಯೊಂದನ್ನು ನಡೆಸುತ್ತಿದ್ದಾರೆಂದು ಭಾವಿಸೋಣ. ಅವರಲ್ಲಿ ಕಲಹವಾದರೆ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಯ ಬಾಗಿಲಿಗೆ ಅಲೆಯಬೇಕು. ಇಚ್ಛಾಧೀನ ಪಾಲುದಾರಿಕೆಯನ್ನಾದರೋ 1932ರ ಅಧಿನಿಯಮದಂತೆ ಬರಿಯ ನೋಟೀಸಿನಿಂದ ಮುರಿಯಬಹುದು. ಕಂಪನಿಗೆ ಆ ಸೌಲಭ್ಯವಿಲ್ಲ. ಕಂಪನಿಯು ಮುಚ್ಚಿದಾಗ ಮುನಿದ ಇಬ್ಬರು ಮಾತ್ರವೇ ಅಲ್ಲ, ಮುನಿಸಿನಲ್ಲಿ ಪಾಲಿಲ್ಲದ ಕೆಲಸಗಾರರೂ ಬೀದಿಗೆ ಬೀಳುವರು.

ಆದುದರಿಂದ ಸ್ಮೃತಿಯಲ್ಲಿ ಎಲ್ಲವೂ ಇದೆಯೆಂಬ ಅಭಿಮಾನವನ್ನು ಬಿಡಬೇಕು. ಅಲ್ಲಿ ಏನೂ ಇಲ್ಲವೆಂಬ ಉಪೇಕ್ಷೆಯೂ ಸಲ್ಲದು. ದೋಷವಿಲ್ಲದ ಒಡಕಿಗೆ ಪರಿಹಾರವನ್ನು ಆಧುನಿಕ ನ್ಯಾಯವು ಕೊಟ್ಟಿತು. ಆ ಒಡಕನ್ನು ತಪ್ಪಿಸುವ ಉಪಾಯಗಳು ಪ್ರಾಚೀನರಲ್ಲಿಯೇ ಉಂಟು: ಸಂವಿದ ಮತ್ತು ಪ್ರಮುಖ. ನಿರ್ಣಾಯಕ ಮತವು ಯಾರದು, ಅಗಲುವವನ ಪಾಲಿಗೆ ಬೆಲೆ ಕಟ್ಟುವವರು ಯಾರು ಎಂಬುದನ್ನು ಸ್ನೇಹವಿರುವಾಗಲೇ ನಿಯಮಾವಳಿಯಲ್ಲಿ ಬರೆದಿಡುವುದು ಅವಿಶ್ವಾಸವಲ್ಲ. ಕೂಡಿ ಕಟ್ಟಿದುದನ್ನು ಕಲಹವು ಕೆಡವದಂತೆ ಕಾಯುವ ವಿವೇಕ.