ಗೂಟ ಹೊಡೆಯಲು ಹೋದವನು: ಕರಾವಳಿಯ ದೆವ್ವಪರೀಕ್ಷೆಯ ಕಥೆಗಳ ಒಂದು ಓದು

ಕನ್ನಡ ನಾಡಿನ ಉದ್ದಗಲಕ್ಕೂ ಹೇಳಲಾಗುವ ಕಿರುಗಥೆಯೊಂದು ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಜನರಿಗೂ ಚಿರಪರಿಚಿತವಾದುದು. ನಾಲ್ಕಾರು ಜನ ಕೂಡಿದಲ್ಲಿ ದೆವ್ವದ ಮಾತು ಬರುತ್ತದೆ. ಒಬ್ಬ ದೆವ್ವವೆಂಬುದೇ ಸುಳ್ಳು ಎನ್ನುತ್ತಾನೆ. ಹಾಗಾದರೆ ಅಮಾವಾಸ್ಯೆಯ ರಾತ್ರಿ ಒಬ್ಬನೇ ಸುಡುಗಾಡಿಗೆ ಹೋಗಿ ಬಾ ಎಂದು ಉಳಿದವರು ಪಂಥ ಕಟ್ಟುತ್ತಾರೆ. ಹೋದದ್ದಕ್ಕೆ ಸಾಕ್ಷಿ ಬೇಕಲ್ಲ. ಹೆಣ ಹೂಳಿದ ಜಾಗದಲ್ಲಿ ಗೂಟವೊಂದನ್ನು ಹೊಡೆದು ಬರಬೇಕು. ಅವನು ಹೋಗುತ್ತಾನೆ, ಕತ್ತಲಲ್ಲಿ ಕುಕ್ಕರುಗಾಲಲ್ಲಿ ಕುಳಿತು ಗೂಟ ಹೊಡೆಯುತ್ತಾನೆ, ಏಳಹೊರಟಾಗ ಯಾರೋ ಪಂಚೆ ಹಿಡಿದು ಎಳೆದಂತಾಗುತ್ತದೆ. ಬೆಳಗಾದ ಮೇಲೆ ಹುಡುಕಿಕೊಂಡು ಬಂದವರಿಗೆ ಸಿಗುವುದು ಅವನ ಹೆಣ. ಗೂಟ ಅವನದೇ ಪಂಚೆಯ ಅಂಚನ್ನು ನೆಲಕ್ಕೆ ಕಚ್ಚಿಸಿ ಇಳಿದಿರುತ್ತದೆ.

ಈ ಕಥೆಯನ್ನು ಕೇಳದವರು ವಿರಳ. ಆದರೆ ಇದನ್ನು ಕಥೆಯೆಂದು ಗಂಭೀರವಾಗಿ ಓದಿದವರೂ ವಿರಳ. ಅಂತರರಾಷ್ಟ್ರೀಯ ಜನಪದ ಕಥಾವರ್ಗಗಳ ಸೂಚಿಯಲ್ಲಿ ಇದಕ್ಕೆ 1676ಬಿ ಎಂಬ ಸಂಖ್ಯೆಯಿದೆ. ಆಂಟಿ ಆರ್ನೆ 1910ರಲ್ಲಿ ಸಿದ್ಧಪಡಿಸಿ, ಸ್ಟಿತ್ ಥಾಂಪ್ಸನ್ 1928 ಮತ್ತು 1961ರಲ್ಲಿ ಪರಿಷ್ಕರಿಸಿ, ಹಾನ್ಸ್ ಯೋರ್ಗ್ ಊಥರ್ 2004ರಲ್ಲಿ ಮತ್ತೆ ವಿಸ್ತರಿಸಿದ ಆ ಸೂಚಿಯಲ್ಲಿ ಈ ಸಂಖ್ಯೆ ಬೀಳುವುದು ನಗೆಗಥೆಗಳ ವಿಭಾಗದಲ್ಲಿ. ಭಯವೆಂದರೇನೆಂದು ತಿಳಿಯಲು ಹೊರಟು, ದೆವ್ವದ ಮನೆಯಲ್ಲಿ ರಾತ್ರಿ ಕಳೆದು, ಕೊನೆಗೆ ರಾಜಕುಮಾರಿಯನ್ನು ಪಡೆಯುವ ಹುಡುಗನ ಕಥೆ 326ನೆಯ ಸಂಖ್ಯೆಯಾಗಿ ಅದ್ಭುತಕಥೆಗಳ ವಿಭಾಗದಲ್ಲಿದೆ. ರಾತ್ರಿ ಒಂದೇ, ಪರೀಕ್ಷೆಯೂ ಒಂದೇ. ಗೆದ್ದವನು ಅದ್ಭುತದ ಪಾಲಾದರೆ ಸತ್ತವನು ನಗೆಯ ಪಾಲಾಗಿದ್ದಾನೆ. ವರ್ಗೀಕರಣವು ನಿರ್ಲಿಪ್ತ ಕಾರ್ಯವೆಂದು ಭಾವಿಸುವವರು ಈ ಹಂಚಿಕೆಯನ್ನು ಒಮ್ಮೆ ಪರಿಶೀಲಿಸುವುದು ಒಳ್ಳೆಯದು.

ಕನ್ನಡದಲ್ಲಿ ಈ ಕಥೆಗೆ ಬಳಕೆಯಲ್ಲಿರುವ ಓದು ಒಂದೇ: ದೆವ್ವವಿಲ್ಲ, ಭಯವೇ ದೆವ್ವ. ಶಾಲೆಯ ಮೇಷ್ಟರೂ ವಿಚಾರವಾದಿಗಳೂ ಇದನ್ನು ಇದೇ ಅರ್ಥದಲ್ಲಿ ಹೇಳುತ್ತ ಬಂದಿದ್ದಾರೆ. ಓದು ತಪ್ಪೆನ್ನಲಾಗದು, ಆದರೆ ಸಾಲದು. ಕಥೆಯಲ್ಲಿ ಸಾಯುವವನು ದೆವ್ವವನ್ನು ನಂಬಿದವನಲ್ಲ, ನಂಬದವನು. ನಂಬಿದವರೆಲ್ಲ ಊರೊಳಗೆ ಸುರಕ್ಷಿತವಾಗಿ ಮಲಗಿದ್ದಾರೆ. ಮೂಢನಂಬಿಕೆಯ ಖಂಡನೆಯೇ ಕಥೆಯ ಉದ್ದೇಶವಾಗಿದ್ದರೆ ಅದು ನಂಬಿದವನನ್ನು ಕಳಿಸಬೇಕಿತ್ತು. ಕಥೆ ಕೇಳುವವನಿಗೆ ಗೂಟದ ಸಂಗತಿ ಗೊತ್ತು, ಸಾಯುವವನಿಗೆ ಗೊತ್ತಿಲ್ಲ. ಬೆಳಕು ಬಂದ ಮೇಲೆ ಸತ್ಯ ಕಂಡವರು ಪಂಥ ಕಟ್ಟಿದವರೇ. ತಿಳಿವು ಬದುಕಿದವರ ಸೊತ್ತಾಗಿ ಉಳಿಯುತ್ತದೆ. ಹೀಗೆ ನೋಡಿದರೆ ಇದು ಭಯದ ಕುರಿತಾದ ಕಥೆಯಾಗಿರುವಷ್ಟೇ ಸಾಕ್ಷ್ಯದ ಕುರಿತಾದ ಕಥೆಯೂ ಹೌದು. ಒಬ್ಬನೇ ಹೋಗಬೇಕು, ಆದರೆ ಹೋದದ್ದನ್ನು ಎಲ್ಲರಿಗೂ ತೋರಿಸಬೇಕು ಎಂಬ ಕರಾರೇ ಅವನನ್ನು ಕೊಲ್ಲುತ್ತದೆ. ಬರಿಗೈಯಲ್ಲಿ ಹೋಗಿದ್ದರೆ ಬರಿಗೈಯಲ್ಲಿ ಮರಳುತ್ತಿದ್ದ.

ಇಲ್ಲಿ ಇಂಗ್ಲೆಂಡಿನ ಒಂದು ಪ್ರಸಿದ್ಧ ಪ್ರಕರಣವನ್ನು ನೆನೆಯುವುದು ಅಪ್ರಸ್ತುತವಾಗದು. ಎಸೆಕ್ಸ್ ಪ್ರಾಂತದ ಬೋರ್ಲಿ ಎಂಬ ಹಳ್ಳಿಯ ಹಳೆಯ ಪಾದ್ರಿಮನೆಯನ್ನು ಹ್ಯಾರಿ ಪ್ರೈಸ್ ಎಂಬ ಪ್ರೇತಶೋಧಕ 1937ರಲ್ಲಿ ಒಂದು ವರ್ಷದ ಮಟ್ಟಿಗೆ ಬಾಡಿಗೆಗೆ ಹಿಡಿದ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು 48 ಮಂದಿ ವೀಕ್ಷಕರನ್ನು ಕಲೆಹಾಕಿ, ಅವರ ಕೈಗೆ ಸೂಚನೆಗಳ ಪುಸ್ತಿಕೆಯೊಂದನ್ನು ಕೊಟ್ಟು ಸರದಿಯ ಮೇಲೆ ಆ ಮನೆಯಲ್ಲಿ ಕಾವಲು ಕೂರಿಸಿದ. ವಸ್ತುಗಳು ತಾವಾಗಿ ಸರಿಯುವವೇ ಎಂದು ತಿಳಿಯಲು ಅವುಗಳ ಸುತ್ತ ಸೀಮೆಸುಣ್ಣದ ಗೆರೆ ಎಳೆಯಲಾಯಿತು. 1939ರ ಫೆಬ್ರವರಿಯಲ್ಲಿ ಮನೆ ಬೆಂಕಿಗೆ ಆಹುತಿಯಾಯಿತು. 1940ರಲ್ಲಿ ಪ್ರೈಸ್ ಆ ಮನೆಯನ್ನು ಇಂಗ್ಲೆಂಡಿನಲ್ಲೇ ಅತ್ಯಂತ ದೆವ್ವಪೀಡಿತವೆಂದು ಸಾರುವ ಪುಸ್ತಕ ಪ್ರಕಟಿಸಿದ. 1956ರಲ್ಲಿ ಡಿಂಗ್‌ವಾಲ್, ಗೋಲ್ಡ್ನಿ, ಹಾಲ್ ಎಂಬ ಮೂವರು ಸಂಶೋಧಕರು ಆ ಸಾಕ್ಷ್ಯಗಳನ್ನು ಒಂದೊಂದಾಗಿ ಪರೀಕ್ಷಿಸಿ ಬಹುಪಾಲನ್ನು ತಳ್ಳಿಹಾಕಿದರು. ಗೂಟಕ್ಕೂ ಸೀಮೆಸುಣ್ಣದ ಗೆರೆಗೂ ಇರುವ ಸಂಬಂಧ ಸ್ಪಷ್ಟವಾದುದೇ. ಎರಡೂ ರಾತ್ರಿಯ ಅನುಭವವನ್ನು ಹಗಲಿಗೆ ದಾಟಿಸುವ ಸಾಧನಗಳು. ಆದರೆ ಬೋರ್ಲಿಯ ವೀಕ್ಷಕನು ತನ್ನ ವರದಿಯನ್ನು ತಾನೇ ಬರೆಯುತ್ತಾನೆ. ನಮ್ಮ ಕಥೆಯವನ ವರದಿಯನ್ನು ಬರೆಯುವವರು ಬೇರೆಯವರು.

ಇನ್ನೂ ಹಿಂದೆ ಹೋದರೆ, ಕ್ರಿಸ್ತಶಕದ ಮೊದಲ ಶತಮಾನಗಳ ರೋಮಿನ ಕಿರಿಯ ಪ್ಲಿನಿ ತನ್ನ ಪತ್ರವೊಂದರಲ್ಲಿ ಅಥೆನೊಡೋರಸ್ ಎಂಬ ತತ್ತ್ವಜ್ಞಾನಿಯ ಕಥೆಯನ್ನು ಹೇಳಿದ್ದಾನೆ. ಅಗ್ಗದ ಬಾಡಿಗೆಗೆ ಸಿಕ್ಕ ದೆವ್ವದ ಮನೆಯಲ್ಲಿ ಅವನು ದೀಪ ಹಚ್ಚಿಕೊಂಡು ಬರೆಯುತ್ತ ಕೂರುತ್ತಾನೆ. ಸರಪಳಿ ಕಟ್ಟಿಕೊಂಡ ಮುದುಕನ ಪ್ರೇತ ಬಂದು ಕೈಸನ್ನೆ ಮಾಡುತ್ತದೆ, ಅವನು ಹಿಂಬಾಲಿಸುತ್ತಾನೆ, ಅದು ಮಾಯವಾದ ಅಂಗಳದ ಜಾಗವನ್ನು ಅಗೆಸಿದಾಗ ಸರಪಳಿ ಸುತ್ತಿದ ಎಲುಬುಗಳು ದೊರೆಯುತ್ತವೆ. ಅವುಗಳಿಗೆ ವಿಧ್ಯುಕ್ತ ಸಂಸ್ಕಾರವಾದ ಮೇಲೆ ಕಾಟ ನಿಲ್ಲುತ್ತದೆ. ಈ ಕಥೆಯಲ್ಲಿ ಪ್ರೇತಕ್ಕೆ ಒಂದು ಹಕ್ಕಿದೆ, ಕೇಳಿಕೆಯಿದೆ. ಗೂಟದ ಕಥೆಯಲ್ಲಿ ಅದಿಲ್ಲ. ಗೂಟ ಇಳಿದದ್ದು ಯಾರ ಗೋರಿಯ ಮೇಲೆ? ಕಥೆ ಹೇಳುವುದಿಲ್ಲ, ಕೇಳುವವರೂ ಕೇಳುವುದಿಲ್ಲ. ಹೂಳಿಸಿಕೊಂಡವನಿಗೆ ಅಥವಾ ಹೂಳಿಸಿಕೊಂಡವಳಿಗೆ ಹೆಸರಿಲ್ಲ.

ಈ ಮೂರು ತಾಲ್ಲೂಕುಗಳ ಮಟ್ಟಿಗೆ ಇದು ವಿಶೇಷವಾಗಿ ಚಿಂತನೀಯ. ಇಲ್ಲಿಯ ಜನಜೀವನದಲ್ಲಿ ಸತ್ತವರೊಡನೆ ವ್ಯವಹರಿಸುವ ಬೇರೆಯೇ ಕ್ರಮವೊಂದಿದೆ. ಜಟಗ, ಬೀರ, ಮಾಸ್ತಿ, ಚೌಡಿಗಳ ಕಲ್ಲುಗಳು ಬೇಣದ ಅಂಚಿನಲ್ಲಿ, ಗದ್ದೆಯ ತಲೆಯಲ್ಲಿ, ದಾರಿಯ ತಿರುವಿನಲ್ಲಿ ನಿಂತಿವೆ. ಬೀರ ಮತ್ತು ಮಾಸ್ತಿ ಒಂದು ಕಾಲದ ಮನುಷ್ಯರೇ. ಹೋರಾಡಿ ಮಡಿದವನು ಬೀರನಾದರೆ ಗಂಡನೊಡನೆ ಸತ್ತವಳು ಮಾಸ್ತಿ. ವರ್ಷಕ್ಕೊಮ್ಮೆ ಕಾಯಿ, ಕೋಳಿ, ಹಣ್ಣು ಸಲ್ಲಿಸಿ ಅವರನ್ನು ಊರಿನ ಲೆಕ್ಕದಲ್ಲಿ ಇಟ್ಟುಕೊಳ್ಳಲಾಗುತ್ತದೆ. ಲೆಕ್ಕಕ್ಕೆ ಸೇರದೆ ಉಳಿದದ್ದು ಗಾಳಿ. ಅದು ಸೋಂಕುತ್ತದೆ, ಹಿಡಿಯುತ್ತದೆ, ಬಿಡಿಸಿಕೊಳ್ಳಬೇಕಾಗುತ್ತದೆ. 1883ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗೆಜೆಟಿಯರಿನ ಕೆನರಾ ಸಂಪುಟವು ಜಾತಿಜಾತಿಯ ವಿವರಣೆಯ ಕೊನೆಗೆ ಇವರು ಮಾಟ, ಭೂತಬಾಧೆಗಳನ್ನು ನಂಬುತ್ತಾರೆ ಎಂಬ ಮಾತನ್ನು ಯಾಂತ್ರಿಕವೆನ್ನುವಷ್ಟರ ಮಟ್ಟಿಗೆ ಮತ್ತೆ ಮತ್ತೆ ಸೇರಿಸುತ್ತದೆ. ಕಲ್ಲಿಗೂ ಗಾಳಿಗೂ ನಡುವಿನ ವ್ಯತ್ಯಾಸ, ಅಂದರೆ ಯಾವ ಸಾವಿಗೆ ಕಲ್ಲು ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂಬುದು, ಆ ಬರಹದ ಕಣ್ಣಿಗೆ ಬೀಳಲಿಲ್ಲ. ಬಾಣಂತನದಲ್ಲೋ ಬಸುರಿನಲ್ಲೋ ತೀರಿಕೊಂಡ ಹೆಣ್ಣು ದೆವ್ವವಾಗುತ್ತಾಳೆಂಬ ನಂಬಿಕೆ ಕನ್ನಡ, ಕೊಂಕಣಿ, ಮರಾಠಿಗಳನ್ನಾಡುವ ಇಡೀ ಪಟ್ಟಿಯಲ್ಲಿ ಹಬ್ಬಿದೆ. ಗಂಡನ ಚಿತೆಯೇರಿದವಳಿಗೆ ಕಲ್ಲು, ಹೆರಿಗೆಯಲ್ಲಿ ಸತ್ತವಳಿಗೆ ಗಾಳಿಯ ಪಟ್ಟ. ಈ ಹಂಚಿಕೆಯ ಹಿಂದಿರುವ ಮೌಲ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಥೆಗಳು ಹುಟ್ಟುವ ಹೊತ್ತನ್ನೂ ಗಮನಿಸಬೇಕು. ಹೊನ್ನಾವರ, ಕುಮಟೆಗಳು ಬಡಗುತಿಟ್ಟಿನ ಯಕ್ಷಗಾನದ ತವರು. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ್ದು ಇಲ್ಲಿಯೇ. ಮಳೆಗಾಲ ಕಳೆದು ಆಟಗಳು ಶುರುವಾದರೆ ಜನ ಗುಂಪುಗುಂಪಾಗಿ ಸೂಡಿ ಬೀಸುತ್ತ ಹೊಯ್ಗೆಯ ಮೇಲೆ, ಗಜನಿಯ ಕಟ್ಟೆಯ ಮೇಲೆ ಮೈಲುಗಟ್ಟಲೆ ನಡೆಯುತ್ತಿದ್ದರು. ಶರಾವತಿ, ಅಘನಾಶಿನಿಗಳನ್ನು ತಾರಿಯಲ್ಲಿ ದಾಟುತ್ತಿದ್ದರು. ದೂರದಲ್ಲಿ ಮೀನಿಗೋ ಏಡಿಗೋ ಹೊರಟವನ ಬೆಂಕಿ ಕಂಡರೆ ಅದು ಕೊಳ್ಳಿದೆವ್ವ. ನಿದ್ದೆಗೆಟ್ಟ ಕಣ್ಣು, ಬಣ್ಣದ ವೇಷದ ಅಬ್ಬರ ಇನ್ನೂ ಗುಂಯ್ಗುಡುವ ಕಿವಿ, ಮುಂದಿನವನ ಹಿಮ್ಮಡಿ ಮಾತ್ರ ಕಾಣುವ ದಾರಿ: ದೆವ್ವದ ಕಥೆಗೆ ಬೇಕಾದ ರಂಗಸಜ್ಜಿಕೆ ಇಷ್ಟೇ. ಕಾಲಮಿತಿಯ ಪ್ರಯೋಗಗಳು, ಮನೆಬಾಗಿಲಿನ ವಾಹನಗಳು ಬಂದ ಮೇಲೆ ಈ ದಾರಿಯೇ ಇಲ್ಲವಾಗಿದೆ. ದಾರಿ ಹೋದ ಮೇಲೂ ಕಥೆ ಉಳಿದಿದೆಯಾದರೂ ಅದು ಹೇಳುವವನ ಬಾಯಿಯಿಂದ ಸಂಕಲನದ ಪುಟಕ್ಕೆ ಬಂದು ಕುಳಿತಿದೆ. ಕುಮಟೆಯ ಡಾ. ಎಲ್.ಆರ್. ಹೆಗಡೆ, ಹೊನ್ನಾವರದ ಡಾ. ಎನ್.ಆರ್. ನಾಯಕ ಇವರು ಜಿಲ್ಲೆಯ ಹಲವು ಸಮುದಾಯಗಳ ಹಾಡುಗಬ್ಬ, ಕಥೆಗಳನ್ನು ಸಂಗ್ರಹಿಸಿದ ಪರಿಶ್ರಮ ಅಸಾಧಾರಣವಾದುದು. ಆದರೆ ಕನ್ನಡ ಕಥಾಸಂಕಲನಗಳಲ್ಲಿ ಒಟ್ಟಾರೆಯಾಗಿ ದೆವ್ವದ ಕಥೆಗೆ ದೊರೆತ ಸ್ಥಾನ ಗೌಣ. ರಾಜಕುಮಾರನ ಕಥೆಯಷ್ಟು ಉದ್ದವಿಲ್ಲದ, ದೇವರ ಕಥೆಯಷ್ಟು ಘನತೆಯಿಲ್ಲದ ಈ ತುಣುಕುಗಳನ್ನು ಹರಟೆಯೆಂದು ಬಿಟ್ಟದ್ದೇ ಹೆಚ್ಚು. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಎಂಬ ವಿವರವಿಲ್ಲದಿದ್ದರೆ ಕಥೆಯ ಅರ್ಧ ಅರ್ಥ ಹೋದಂತೆ ಎಂಬುದನ್ನು ಎ.ಕೆ. ರಾಮಾನುಜನ್ ತಮ್ಮ ಕೆಲಸದುದ್ದಕ್ಕೂ ತೋರಿಸಿದ್ದಾರೆ. ಗೂಟದ ಕಥೆಯನ್ನು ಒಡೆಯನು ಆಳುಮಕ್ಕಳೆದುರು ಹೇಳಿದಾಗ ಅದು ಎಚ್ಚರಿಕೆ. ಆಳುಗಳು ತಮ್ಮತಮ್ಮಲ್ಲಿ ಹೇಳಿಕೊಂಡಾಗ ಅದು ಬೇರೆ.

ಏಕೆಂದರೆ ರಾತ್ರಿ ಸುಡುಗಾಡಿಗೆ ಹೋಗುವುದು ಎಲ್ಲರಿಗೂ ಪರೀಕ್ಷೆಯಲ್ಲ. ಕೆಲವರಿಗೆ ಅದು ಕಸುಬು. ರಾಘವಾಂಕನ ಹರಿಶ್ಚಂದ್ರ ಕಾವ್ಯದ ಮಸಣದ ಭಾಗವನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ಓದಬಹುದು. ವೀರಬಾಹುಕನ ಆಳಾಗಿ ಕಾಶಿಯ ಸುಡುಗಾಡನ್ನು ಕಾಯುವ ರಾಜ ರಾತ್ರಿಯಿಡೀ ಎಚ್ಚರವಿರುವುದು ದೆವ್ವವನ್ನು ನೋಡಲೆಂದಲ್ಲ, ಒಡೆಯನಿಗೆ ಸಲ್ಲಬೇಕಾದ ತೆರೆಯನ್ನು ವಸೂಲು ಮಾಡಲೆಂದು. ಕತ್ತಲಲ್ಲಿ ಅಳುವ ದನಿ ಕೇಳಿದಾಗ ಅಲ್ಲಿರುವುದು ಪ್ರೇತವಲ್ಲ, ಮಗನ ಹೆಣವನ್ನು ತಂದ ಚಂದ್ರಮತಿ. ಆಟದಲ್ಲಿ ಸತ್ಯಹರಿಶ್ಚಂದ್ರ ಪ್ರಸಂಗದ ಈ ಭಾಗ ಬರುವುದು ನಡುರಾತ್ರಿ ಕಳೆದ ಮೇಲೆ. ಕಾಯುವವನನ್ನು ಕಾಯುತ್ತ ಕುಳಿತ ಪ್ರೇಕ್ಷಕನಿಗೆ ಇಲ್ಲಿ ಹುಟ್ಟುವುದು ದೆವ್ವದ ಭಯಕ್ಕಿಂತ ಕಠಿಣವಾದ ಇನ್ನೊಂದು ಭಯ: ನಿಯಮಕ್ಕೆ ಕಟ್ಟುಬಿದ್ದ ಮನುಷ್ಯ ತನ್ನವರನ್ನೇ ಗುರುತಿಸದೆ ಹೋಗಬಹುದೆಂಬ ಭಯ. ಪಂಥದ ಕಥೆಯಲ್ಲಿ ಸುಡುಗಾಡು ನಿರ್ಜನ. ರಾಘವಾಂಕನಲ್ಲಿ ಅಲ್ಲಿ ಕೆಲಸಗಾರನಿದ್ದಾನೆ, ಒಡೆಯನಿದ್ದಾನೆ, ಶುಲ್ಕವಿದೆ. ನಿರ್ಜನವೆಂಬುದು ಅಲ್ಲಿ ದುಡಿಯುವವರನ್ನು ಜನರೆಂದು ಎಣಿಸದವರ ಮಾತು.

ಆಧುನಿಕ ಸಾಹಿತ್ಯದಲ್ಲಿ ಈ ರಾತ್ರಿ ಒಳಮುಖವಾಯಿತು. 1959ರ ‘ಭೂಮಿಗೀತ’ ಸಂಕಲನದಲ್ಲಿರುವ ಗೋಪಾಲಕೃಷ್ಣ ಅಡಿಗರ ‘ಭೂತ’ ಕವಿತೆಯಲ್ಲಿ ಭೂತವೆಂದರೆ ಗತಕಾಲವೂ ಹೌದು; ಅಗೆದು ತೆಗೆಯಬೇಕಾದ ಹೂಳು ಅದು. ಅಡಿಗರ ಅಗೆತ ಅಥೆನೊಡೋರಸನ ಅಗೆತಕ್ಕೆ ಹತ್ತಿರವಾದುದು, ಪಂಥದವನ ಗೂಟಕ್ಕಲ್ಲ. ಕುಮಟಾ ತಾಲ್ಲೂಕಿನ ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಾದಂಬರಿಗೆ ದೆವ್ವದ ಸೋಂಕಿಲ್ಲ. ಅದು ಮುಂಬಯಿಯ ಉದ್ಯಮಲೋಕದ ಕಥೆ. ಆದರೂ ತನ್ನ ಮೇಲಿನ ಆರೋಪವೇನೆಂದೇ ತಿಳಿಯದೆ, ಹಿಡಿದೆಳೆಯುತ್ತಿರುವ ಕೈ ಯಾರದೆಂದೇ ಕಾಣದೆ ತತ್ತರಿಸುವ ನಾಗನಾಥನ ಸ್ಥಿತಿಗೆ ಕರಾವಳಿಯ ಈ ಹಳೆಯ ಕಥೆಯ ಆಕಾರವಿದೆ ಎಂದರೆ ಅತಿಶಯೋಕ್ತಿಯಾಗದು. ಚಿತ್ತಾಲರು ಮಾಡಿದ ಮುಖ್ಯ ಬದಲಾವಣೆಯೆಂದರೆ ಪಂಥ ಕಟ್ಟಿದವರ ಕೈವಾಡವನ್ನು ಕಥೆಯೊಳಗೆ ತಂದದ್ದು. ಜನಪದ ಕಥೆ ಅವರನ್ನು ನಿರ್ದೋಷಿಗಳೆಂದು ಬಿಟ್ಟುಬಿಟ್ಟಿತ್ತು.

ಜನಪ್ರಿಯ ಮಾಧ್ಯಮದ ದಾರಿ ಬೇರೆ. 2004ರ ‘ಆಪ್ತಮಿತ್ರ’ ಚಿತ್ರದಲ್ಲಿ ಹಳೆಯ ಅರಮನೆಯೊಂದರ ದೆವ್ವವನ್ನು ಮನೋವೈದ್ಯನೊಬ್ಬ ರಾತ್ರಿಗಳನ್ನು ಕಾದು ಪತ್ತೆ ಮಾಡುತ್ತಾನೆ. ನಾಗವಲ್ಲಿಯ ಪ್ರೇತವೆಂದುಕೊಂಡದ್ದು ಮನೆಯ ಸೊಸೆಯ ಮನೋರೋಗವಾಗಿರುತ್ತದೆ. ವಿಜ್ಞಾನದ ಗೆಲುವೆಂದು ಇದನ್ನು ಹೊಗಳಿದವರುಂಟು. ಗಾಳಿ ಎಂಬ ಹೆಸರು ಹೋಗಿ ಕಾಯಿಲೆಯ ಹೆಸರು ಬಂತೇ ಹೊರತು ಹೆಸರಿಡುವ ಅಧಿಕಾರ ಹೆಣ್ಣಿನ ಕೈಗೆ ಬರಲಿಲ್ಲ ಎಂಬುದನ್ನು ಗುರುತಿಸಿದವರು ಕಡಿಮೆ.

ನೈಜ ಪರೀಕ್ಷೆಗಳ ಇತಿಹಾಸವೂ ಕರ್ನಾಟಕಕ್ಕಿದೆ. ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆಂದು ಸಮಿತಿ ರಚಿಸಿದರು. ದೆವ್ವ ಬಿಡಿಸುವ ನೆಪದಲ್ಲಿ ನಡೆಯುವ ಹಿಂಸೆಯನ್ನು ಅಪರಾಧವೆಂದು ಸಾರಿದ ಅಧಿನಿಯಮ ಬಂದದ್ದು 2017ರಲ್ಲಿ, ಜಾರಿಯಾದದ್ದು 2020ರಲ್ಲಿ. ಹೊಡೆತ ತಿಂದು, ಹೊಗೆ ಕುಡಿದು ನರಳಿದ ಮೈಗಳು ಈ ಕಾಯ್ದೆಯ ಹಿಂದಿವೆ. ಆದ್ದರಿಂದ ದೆವ್ವದ ಕಥೆಯನ್ನು ಕೇವಲ ಕಥನಸುಖವೆಂದು ಮೆಚ್ಚುವ ಸಂಸ್ಕೃತಿಪ್ರೀತಿಗೂ ಒಂದು ಮಿತಿಯಿರಬೇಕಾಗುತ್ತದೆ.

2014ರ ಡಿಸೆಂಬರ್ 6ರಂದು, ಅಂಬೇಡ್ಕರ್ ಅವರ ಪರಿನಿರ್ವಾಣದ ದಿನ, ಆಗ ರಾಜ್ಯದ ಸಚಿವರಾಗಿದ್ದ ಸತೀಶ ಜಾರಕಿಹೊಳಿಯವರು ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಜನರೊಂದಿಗೆ ರಾತ್ರಿ ಕಳೆದರು. ಮುಂದಿನ ವರ್ಷಗಳಲ್ಲೂ ಇದು ಮರುಕಳಿಸಿತು. ಸಾಂಕೇತಿಕವಾಗಿ ಇದು ಮಹತ್ತ್ವದ ನಡೆ. ಗೂಟದ ಕಥೆಯ ಎದುರಿಗಿಟ್ಟರೆ ಒಂದು ವ್ಯತ್ಯಾಸ ಕಾಣುತ್ತದೆ. ಅಲ್ಲಿ ಯಾರೂ ಒಬ್ಬರೇ ಹೋಗಲಿಲ್ಲ, ಮರಳಿದ ಮೇಲೆ ಯಾರಿಗೂ ಸಾಕ್ಷಿ ಒಪ್ಪಿಸಬೇಕಾಗಿರಲಿಲ್ಲ. ಹೀಗಾಗಿ ಕಥೆಯ ಭಯವನ್ನು ಅದು ಪರೀಕ್ಷೆಗೆ ಒಡ್ಡಿತೆನ್ನಲಾಗದು; ಆ ಭಯಕ್ಕೆ ಬೇಕಾಗಿದ್ದ ಒಂಟಿತನವನ್ನೇ ತೆಗೆದುಹಾಕಿತು. ಬಂದವರು ಬೆಳಿಗ್ಗೆ ಮನೆಗಳಿಗೆ ಹಿಂತಿರುಗಿದ ಮೇಲೆ ಚಿತೆಗೆ ಕಟ್ಟಿಗೆ ಒಟ್ಟುವವರೂ ಗುಂಡಿ ತೋಡುವವರೂ ಎಂದಿನಂತೆ ತಮ್ಮ ಕೆಲಸಕ್ಕೆ ತೊಡಗುತ್ತಾರೆ. ಅವರು ತಮ್ಮತಮ್ಮಲ್ಲಿ ಹೇಳಿಕೊಳ್ಳುವ ಕಥೆಗಳು ಯಾವ ಸಂಕಲನದಲ್ಲೂ ಇನ್ನೂ ಸಾಕಷ್ಟು ಜಾಗ ಪಡೆದಿಲ್ಲ.